ಎಂಜಲು ಚಮಚದ ಸಾಕ್ಷಿ

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಗುಟುಕಕ್ಕನ ಕೋಣೆಯ ಬಾಗಿಲಲ್ಲಿ ಬಂದು ನಿಂತವಳು ಏಳನೇ ವಾರ್ಡಿನ ಆಯಾ. ಹದಿನಾರು ವರ್ಷ ಆ ಆಸ್ಪತ್ರೆಯ ನೆಲ, ಬಕೆಟ್ಟು, ಹಾಸಿಗೆ, ರೋಗಿಗಳ ಬಾಯಿ ಎಲ್ಲವನ್ನೂ ತೊಳೆದ ಹೆಂಗಸು ಅಂದು ಒಂದು ಹೊಸ್ತಿಲು ದಾಟಲು ಹಿಂದೆಮುಂದೆ ನೋಡಿದಳು. ಕೈಯಲ್ಲಿ ನಾಲ್ಕಾಗಿ ಮಡಿಚಿದ ಕಾಗದವಿತ್ತು.

“ಅಕ್ಕ, ಗೇಟಲ್ಲಿ ನನ್ನನ್ನ ಒಳಗೆ ಬಿಡಬಾರದು ಅಂತ ಹೇಳಿದಾರೆ. ಅಲ್ಲಿ ನಿಂತಿರೋನು ನನ್ನ ಮೈದುನ. ‘ಅತ್ತಿಗೆ, ನಂದು ರಸ್ತೆ ಕಡೆ ನೋಡೋ ಕೆಲಸ, ಬೆನ್ನ ಹಿಂದೆ ಯಾರು ಹೋದ್ರೋ ನಂಗೇನು ಗೊತ್ತು’ ಅಂದ. ಬಂದ್ಬಿಟ್ಟೆ.”

“ಬಂದವಳು ಕೂತ್ಕೊ. ನಿಂತು ಹೇಳಿದ್ರೆ ನಿಜ ಜಾಸ್ತಿ ಆಗಲ್ಲ,” ಎಂದಳು ಗುಟುಕಕ್ಕ.

ಮೂಲೆಯ ಮೇಜಿನಲ್ಲಿ ಪಟ್ಟಿ ಬರೆಯುತ್ತಿದ್ದ ಗುಮಾಸ್ತ ಪೆನ್ನು ಕೆಳಗಿಟ್ಟ. ಮೂರೂವರೆ ವರ್ಷದಿಂದ ಅವನು ಇವಳ ಜೊತೆಗಿದ್ದ. ಗುಟುಕಕ್ಕ ನುಂಗಲು ಕಷ್ಟಪಡುವವರಿಗೆ ಚಿಕಿತ್ಸೆ ಕೊಡುವವಳು. ಲಕ್ವ ಹೊಡೆದವರಿಗೆ, ಗಂಟಲು ಸೋತವರಿಗೆ ನಮ್ಮ ನಿಮ್ಮ ಹಾಗೆ ಒಂದು ಗುಟುಕು ನೀರು ಸಲೀಸಲ್ಲ. ಅನ್ನನಾಳಕ್ಕೆ ಇಳಿಯಬೇಕಾದದ್ದು ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿದರೆ ಉಸಿರೇ ಹೋದೀತು. ಇವಳು ಅಂಥವರ ಕುತ್ತಿಗೆಯ ಮೇಲೆ ನಾಲ್ಕು ಬೆರಳಿಟ್ಟು, ನೀರು ಎಲ್ಲಿ ತಡೆಯಿತು, ಎಲ್ಲಿ ಜಾರಿತು ಎಂದು ಹೇಳಬಲ್ಲವಳು. ಅದೇ ಬೆರಳು ಆಸ್ಪತ್ರೆಯ ಬೇರೆ ಗಂಟುಗಳನ್ನೂ ಬಿಡಿಸಿದ್ದುಂಟು. ಕಾಣೆಯಾದ ಹಲ್ಲುಸೆಟ್ಟನ್ನು ಅವಳು ಪತ್ತೆಹಚ್ಚಿದ್ದು ಯಾರೋ ಒಬ್ಬರು ದಿಢೀರನೆ ಗಟ್ಟಿ ತಿಂಡಿ ತಿನ್ನತೊಡಗಿದ್ದನ್ನು ನೋಡಿ.

ಗುಟುಕಕ್ಕ ಆಯಾ ತಂದ ಕಾಗದ ಬಿಡಿಸಿ ಗಟ್ಟಿಯಾಗಿ ಓದಿದಳು. ಆರನೇ ಬೆಡ್ಡಿನ ರೋಗಿಗೆ ಪುಡಿ ಬೆರೆಸದ ನೀರು ಕುಡಿಸಿ ಪ್ರಾಣಾಪಾಯ ತಂದದ್ದು, ಬೆರೆಸಿದ್ದಾಗಿ ಪಟ್ಟಿಯಲ್ಲಿ ಸುಳ್ಳು ಗುರುತು ಹಾಕಿದ್ದು. ನಾಲ್ಕು ಗಂಟೆಗೆ ವಿಚಾರಣೆ. ಐದಕ್ಕೆ ಪೊಲೀಸರಿಗೆ ದೂರು.

“ವಿಚಾರಣೆ ಮುಗಿಯೋ ಮೊದಲೇ ದೂರಿನ ಹೊತ್ತು ಗೊತ್ತುಮಾಡಿದಾರೆ,” ಎಂದಳು ಗುಟುಕಕ್ಕ. “ಅಚ್ಚುಕಟ್ಟಾದ ಜನ. ಈಗ ನೀನು ಹೇಳು.”

ಆಯಾ ಹೇಳಿದಳು. ಆರನೇ ಬೆಡ್ಡಿನಲ್ಲಿದ್ದವನು ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ ಮುದುಕ; ವಾರ್ಡಿನಲ್ಲಿ ಎಲ್ಲರಿಗೂ ಬೈಂಡರ್ ಅಜ್ಜ. ಲಕ್ವದಿಂದ ಗಂಟಲು ಕುಂದಿದ ಇಂಥವರಿಗೆ ನೀರನ್ನು ಪುಡಿ ಬೆರೆಸಿ ದಪ್ಪ ಮಾಡಿ ಕೊಟ್ಟರೆ ಎಷ್ಟು ಉಪಯೋಗ ಎಂಬುದರ ಮೇಲೆ ಆಸ್ಪತ್ರೆಯಲ್ಲಿ ಸಂಶೋಧನೆ ನಡೆದಿತ್ತು. ದಪ್ಪ ನೀರು ನಿಧಾನ ಇಳಿಯುತ್ತದೆ. ಸೋಮಾರಿ ಗಂಟಲಿಗೆ ಬಾಗಿಲು ಮುಚ್ಚಿಕೊಳ್ಳಲು ಪುರುಸೊತ್ತು ಸಿಗುತ್ತದೆ. ಎಷ್ಟು ದಪ್ಪ ಎಂಬುದಕ್ಕೆ ಒಂದು ಪರೀಕ್ಷೆ: ಸಿರಿಂಜಿಗೆ ಹತ್ತು ಗೆರೆ ತುಂಬಿ, ತಳದಿಂದ ಬೆರಳು ತೆಗೆದು ಹತ್ತು ಸೆಕೆಂಡು ಕಾಯುವುದು. ಬರೀ ನೀರಾದರೆ ಪೂರಾ ಇಳಿದುಹೋಗುತ್ತದೆ. ಸರಿಯಾದ ದಪ್ಪವಿದ್ದರೆ ಒಂಬತ್ತು ಗೆರೆ ಉಳಿಯುತ್ತದೆ.

“ಹತ್ತು ಗಂಟೆಗೆ ಜಗ್ಗಲ್ಲಿ ಬೆರೆಸಿದೆ. ಸಿರಿಂಜಲ್ಲಿ ನೋಡಿದೆ, ಒಂಬತ್ತು ಉಳೀತು. ಲೋಟಕ್ಕೆ ಹಾಕಿ ಅಜ್ಜಂಗೆ ಚಮಚದಲ್ಲಿ ಕೊಡ್ತಾ ಇದ್ದೆ. ಅರ್ಧ ಆಗಿತ್ತು. ಸಂಶೋಧನೆ ಡಾಕ್ಟರು ಬಂದು, ಸಂಶೋಧನೆಯ ಫಲ ಕೇಳೋಕೆ ಶನಿವಾರ ದೊಡ್ಡವರೆಲ್ಲ ಬರ್ತಾರೆ, ಸಭೆಯ ಹಾಲ್‌ನಲ್ಲಿ ಕುರ್ಚಿ ಹಾಕು ನಡಿ ಅಂದ್ರು. ಬಾಯಿಗೆ ಇಡ್ತಿದ್ದ ಚಮಚ ಲೋಟದಲ್ಲಿ ಬಿಟ್ಟು ಎದ್ದೆ. ಅಜ್ಜನ ಮಗಳು ಇದ್ದಳು, ಅವಳಿಗೆ ಕೊಡೋದು ನೀವೇ ಕಲಿಸಿದೀರಲ್ಲ ಅಕ್ಕ, ‘ಮಿಕ್ಕಿದ್ದು ಕೊಡವ್ವ’ ಅಂದೆ. ಹತ್ತೂ ನಲವತ್ತಕ್ಕೆ ಅಜ್ಜ ನೀಲಿ ತಿರುಗಿದಾರೆ ಅಂತ ಕೂಗಾಟ.”

“ತೀವ್ರ ನಿಗಾ ಘಟಕದಲ್ಲಿದಾರೆ,” ಎಂದು ಗುಮಾಸ್ತ ಸೇರಿಸಿದ. “ಆಮ್ಲಜನಕ ಕೊಟ್ಟ ಮೇಲೆ ಉಸಿರು ಹದಕ್ಕೆ ಬಂದಿದೆಯಂತೆ.”

“ಲೋಟದಲ್ಲಿ ಉಳಿದಿದ್ದನ್ನ ಸಿಸ್ಟರು ಸಿರಿಂಜಲ್ಲಿ ನೋಡಿದ್ರು. ಎರಡು ಗೆರೆ ಉಳೀತು, ಅಷ್ಟೇ. ಡಾಕ್ಟರು ‘ಇವಳು ಪುಡಿನೇ ಹಾಕಿಲ್ಲ’ ಅಂದ್ರು. ನಾನು ಸಿರಿಂಜ್ ನೋಡದೆ ಯಾರಿಗಾದ್ರೂ ಕೊಟ್ಟಿದೀನಾ ಅಕ್ಕ? ಎಲ್ಲ ಸೇರಿ ನನ್ನ ಸಿರಿಂಜಮ್ಮ ಅಂತ ಆಡ್ಕೊಳ್ಳಲ್ವಾ?”

“ಪುಡಿ ಎಷ್ಟು ಹಾಕಿದೆ?”

“ಲೋಟಕ್ಕೆ ಮೂರು ಚಮಚ.”

ಗುಟುಕಕ್ಕನ ಹುಬ್ಬು ಸ್ವಲ್ಪ ಏರಿತು. “ಲೋಟಕ್ಕೆ ಒಂದಲ್ವಾ ಲೆಕ್ಕ?”

“ಸೋಮವಾರದಿಂದ ಒಂದಕ್ಕೆ ದಪ್ಪ ಬರ್ತಿಲ್ಲ. ಡಾಕ್ಟರ ಹತ್ರ ಹೋಗಿ ‘ಸಾರ್, ದಪ್ಪ ಬರ್ತಿಲ್ಲ’ ಅಂದೆ. ತಲೆ ಎತ್ತಲಿಲ್ಲ ಪುಣ್ಯಾತ್ಮ. ‘ಮೂರು ಹಾಕು’ ಅಂದ್ರು. ಹಾಕಿದೆ. ಸರಿಯಾಗಿ ಒಂಬತ್ತಕ್ಕೆ ನಿಂತಿತು.”

ಗುಮಾಸ್ತನಿಗೆ ಸೋಮವಾರದ ಒಂದು ಮಾತು ಗಂಟಲವರೆಗೂ ಬಂತು. ಅವನು ಅದನ್ನು ನುಂಗಿ ಪಟ್ಟಿಯ ಕಡೆ ಕಣ್ಣು ತಗ್ಗಿಸಿದ. ಗುಟುಕಕ್ಕ ಅವನ ಕುತ್ತಿಗೆಯನ್ನು ಒಂದು ಕ್ಷಣ ನೋಡಿದಳು.

ವಾರ್ಡಿನಲ್ಲಿ ಸಿಸ್ಟರು ಆ ಲೋಟವನ್ನು ಮುಚ್ಚಳ ಹಾಕಿ, ಅಂಟುಪಟ್ಟಿ ಸುತ್ತಿ, ಮೇಜಿನ ಮೇಲೆ ಕೈದಿಯ ಹಾಗೆ ಕೂರಿಸಿದ್ದರು. ಗುಟುಕಕ್ಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಸುಣ್ಣ ತೊಳೆದ ನೀರಿನಂತೆ ಬೆಳ್ಳಗೆ ಮಬ್ಬಾಗಿತ್ತು.

“ಪುಡಿ ಹಾಕಿಲ್ಲ ಅಂದ್ರಲ್ಲ ಸಿಸ್ಟರ್, ಬರೀ ನೀರು ಈ ಬಣ್ಣ ಇರುತ್ತಾ?”

“ಸ್ವಲ್ಪ ಹಾಕಿರಬಹುದು. ನಾನು ನೋಡಿದ್ದು ಸಿರಿಂಜಿನ ಗೆರೆ. ಗೆರೆ ಸುಳ್ಳು ಹೇಳಲ್ಲ,” ಎಂದರು ಸಿಸ್ಟರು.

“ಗೆರೆ ಸುಳ್ಳು ಹೇಳಲ್ಲ, ನಿಜ. ಬೆಳಿಗ್ಗೆ ಅವಳು ನೋಡಿದ ಗೆರೆನೂ ಸುಳ್ಳು ಹೇಳಿಲ್ಲ ಅಂತಿಟ್ಕೊಳ್ಳಿ. ಆ ಜಗ್ಗಿನಿಂದ ಬೇರೆ ಯಾರಿಗಾದರೂ ಹಾಕಿದ್ದಳಾ?”

ಏಳನೇ ಬೆಡ್ಡಿಗೆ ಹಾಕಿದ್ದಳಂತೆ. ಆ ರೋಗಿಯನ್ನು ಎಕ್ಸ್‌ರೇಗೆ ಕರೆದೊಯ್ದಿದ್ದರಿಂದ ಲೋಟ ಮುಟ್ಟದೆ ಫ್ರಿಜ್ಜಿಗೆ ಸೇರಿತ್ತು. ಗುಟುಕಕ್ಕ ಅದನ್ನು ತೆಗೆದು ಓರೆ ಮಾಡಿದಳು. ನೀರು ಸುಲಭಕ್ಕೆ ಅಲುಗಲಿಲ್ಲ, ದಪ್ಪಗೆ ಲೋಟಕ್ಕೆ ಕಚ್ಚಿಕೊಂಡಿತ್ತು.

“ಒಂದೇ ಜಗ್ಗು, ಒಂದೇ ಕೈ, ಒಂದೇ ಹೊತ್ತು,” ಎಂದಳು ಅವಳು ಗುಮಾಸ್ತನಿಗೆ. “ಒಂದು ಗಟ್ಟಿ, ಇನ್ನೊಂದು ನೀರು. ಎರಡರ ಮಧ್ಯೆ ಏನು ವ್ಯತ್ಯಾಸ, ಯೋಚನೆ ಮಾಡು ತಮ್ಮ.”

“ಇದು ಫ್ರಿಜ್ಜಲ್ಲಿತ್ತು, ಅದು ಹೊರಗಿತ್ತು.”

“ಆಯ್ತು. ಇನ್ನೂ ಒಂದಿದೆ.”

ನಿಗಾ ಘಟಕದ ಹೊರಗಿನ ಬೆಂಚಿನಲ್ಲಿ ಬೈಂಡರ್ ಅಜ್ಜನ ಮಗಳು ಕೂತಿದ್ದಳು. ಕೇಳುವ ಮೊದಲೇ ಅವಳ ಕಣ್ಣು ತುಂಬಿತು.

“ನನ್ನ ಕೈಯಾರೆ ಕೊಟ್ಟೆ ಅಕ್ಕ. ಆಯಾ ಹೋದ ಮೇಲೆ ಅಪ್ಪ ತೂಕಡಿಸಿದ್ರು. ತೂಕಡಿಸೋವಾಗ ಕೊಡಬಾರದು ಅಂತ ನೀವೇ ಹೇಳಿದ್ರಲ್ಲ, ಅರ್ಧ ಗಂಟೆ ಕಾದೆ. ಎದ್ದ ಮೇಲೆ ನೆಟ್ಟಗೆ ಕೂರಿಸಿ ಅದೇ ಚಮಚದಲ್ಲಿ ಕೊಟ್ಟೆ. ಎರಡನೇದಕ್ಕೇ…”

“ನೀನು ಮಾಡಿದ್ದು ಒಂದೂ ತಪ್ಪಿಲ್ಲ. ನಿನ್ನೆ ಮೊನ್ನೆ ಇಷ್ಟು ಹೊತ್ತು ಹಿಡಿದಿತ್ತಾ?”

“ಇಲ್ಲ, ಆಯಾ ಹತ್ತು ನಿಮಿಷದಲ್ಲಿ ಮುಗಿಸ್ತಿದ್ದಳು. ಅಪ್ಪ ಮಾತ್ರ ಸೋಮವಾರದಿಂದ ಒಂದೇ ಬೈಗುಳ. ‘ನನ್ನ ಅಂಗಡಿ ಅಂಟು ನನಗೇ ತಿನ್ನಿಸ್ತಾರೆ’ ಅಂತ. ರಟ್ಟಿಗೆ ಹಚ್ಚೋ ಅಂಟು. ನಾವೆಲ್ಲ ನಕ್ಕಿದ್ದೆವು.”

ಗುಟುಕಕ್ಕ ನಗಲಿಲ್ಲ. “ಐವತ್ತು ವರ್ಷ ಅಂಟು ಕಲಸಿದವರ ನಾಲಿಗೆ ಅದು. ಅದಕ್ಕೆ ನಗೋ ಮೊದಲು ನಾವು ಕೇಳಬೇಕಿತ್ತು,” ಎಂದಳು.

ಅಲ್ಲಿಂದ ಮುಂದೆ ಅವಳ ಕೆಲಸ ಚುರುಕಾಯಿತು. ಮೊದಲು ವಾರ್ಡಿಗೆ ಹೋಗಿ, ಇನ್ನು ಮುಂದೆ ದಪ್ಪ ನೀರನ್ನು ಸ್ವಲ್ಪಸ್ವಲ್ಪವೇ ಬೇರೆ ಬಟ್ಟಲಿಗೆ ಸುರಿದು ಕೊಡಿ, ಬಾಯಿಗಿಟ್ಟ ಚಮಚ ದೊಡ್ಡ ಲೋಟಕ್ಕೆ ತಾಗದಿರಲಿ ಎಂದು ಕಟ್ಟಪ್ಪಣೆ ಮಾಡಿದಳು. ಏಕೆಂದು ಸಿಸ್ಟರು ಕೇಳಿದ್ದಕ್ಕೆ ನಾಲ್ಕು ಗಂಟೆಗೆ ಹೇಳ್ತೀನಿ ಎಂದಳು. ಆಮೇಲೆ ಗುಮಾಸ್ತನಿಂದ ದಾಸ್ತಾನು ಕೋಣೆಯ ಬೀಗ ತೆಗೆಸಿದಳು. ಆ ಬೀಗಕ್ಕೆ ಕೀಲಿಕೈ ಎರಡು: ಒಂದು ಸಂಶೋಧನೆಯ ಡಾಕ್ಟರ ಹತ್ತಿರ, ಇನ್ನೊಂದು ಗುಮಾಸ್ತನ ಸೊಂಟದಲ್ಲಿ. ಡಬ್ಬಗಳ ಮೇಲೆ ಮಾಮೂಲಿ ಚೀಟಿ, ಮಾಮೂಲಿ ಬಣ್ಣ. ಅವಳು ಒಂದು ಡಬ್ಬ ಬಗಲಲ್ಲಿಟ್ಟುಕೊಂಡಳು.

“ತಮ್ಮ, ಎದುರುಗಡೆ ಔಷಧಿ ಅಂಗಡಿಗೆ ಹೋಗಿ, ನೀರು ದಪ್ಪ ಮಾಡೋ ಪುಡಿ ಯಾವುದಿದ್ರೂ ಒಂದು ಪೊಟ್ಟಣ ತಾ. ಬರುವಾಗ ಗಾಯಕ್ಕೆ ಹಚ್ಚೋ ಟಿಂಚರ್ ಅಯೋಡಿನ್ನೂ ಒಂದು ಸೀಸೆ.”

ಅಂಗಡಿಯವನು ಕೈ ಅಲ್ಲಾಡಿಸಿದ. “ಎಲ್ಲಿ ಸ್ವಾಮಿ, ಭಾನುವಾರವೇ ಇದ್ದಬದ್ದದ್ದೆಲ್ಲ ಯಾರೋ ಕೊಂಡೊಯ್ದು ಖಾಲಿ. ಬೇಕಾದ್ರೆ ಖಾಲಿ ಪೆಟ್ಟಿಗೆ ಇದೆ, ತಗೊಂಡು ಹೋಗಿ.” ಗುಮಾಸ್ತ ಪೆಟ್ಟಿಗೆಯನ್ನೂ ಟಿಂಚರಿನ ಸೀಸೆಯನ್ನೂ ತಂದ. ಪೆಟ್ಟಿಗೆಯ ಮಗ್ಗುಲಲ್ಲಿ ಅಚ್ಚಾಗಿತ್ತು: ಮೆಕ್ಕೆಜೋಳದ ಪಿಷ್ಟ, ಲೋಟಕ್ಕೆ ಮೂರು ಚಮಚ.

ನಾಲ್ಕಕ್ಕೆ ತರಬೇತಿ ಕೋಣೆಯಲ್ಲಿ ಎಲ್ಲರೂ ಸೇರಿದರು. ಮೇಜಿನ ತಲೆಗೆ ಸೂಪರಿಂಟೆಂಡೆಂಟರು. ಬಲಕ್ಕೆ ಸಂಶೋಧನೆಯ ಡಾಕ್ಟರು, ಇಸ್ತ್ರಿ ಮಾಡಿದ ಕೋಟು, ಎದುರಿಗೆ ಶನಿವಾರದ ಭಾಷಣದ ಹಾಳೆಗಳು. ಸಿಸ್ಟರು, ಅಜ್ಜನ ಮಗಳು ಒಂದು ಕಡೆ. ಆಯಾಗೆ ಕುರ್ಚಿ ಇರಲಿಲ್ಲ. ಬೆಳಿಗ್ಗೆ ಇಡೀ ಹಾಲ್‌ಗೆ ಕುರ್ಚಿ ಜೋಡಿಸಿದವಳು ಗೋಡೆಗೆ ಒರಗಿ ನಿಂತಿದ್ದಳು. ಗುಮಾಸ್ತ ತನ್ನ ಕುರ್ಚಿ ಎತ್ತಿ ಅವಳ ಮುಂದೆ ಇಟ್ಟ.

ಗುಟುಕಕ್ಕ ಮೂರು ಬಟ್ಟಲು ಸಾಲಾಗಿ ಇಟ್ಟಳು. “ಮೊದಲಿನ ಎರಡರಲ್ಲಿ ಏಳನೇ ಬೆಡ್ಡಿನ ಲೋಟದ ನೀರು. ಮೂರನೇದರಲ್ಲಿ ನನ್ನ ಹತ್ತಿರ ತರಬೇತಿಗೆ ಅಂತ ಹೋದ ವರ್ಷದಿಂದ ಉಳಿದಿದ್ದ ಪುಡಿಯಿಂದ ಮಾಡಿದ್ದು. ಮೂರೂ ಒಂಬತ್ತು ಗೆರೆ ದಪ್ಪ ಇವೆ. ಸಿಸ್ಟರೇ ನೋಡಿದಾರೆ. ಸಾರ್, ಈ ಚಮಚ ಬಾಯಲ್ಲಿಟ್ಟು ತೆಗೆದು, ಮೊದಲನೇ ಬಟ್ಟಲಲ್ಲಿ ಅದ್ದಿ.”

ಸೂಪರಿಂಟೆಂಡೆಂಟರು ಹಿಂದಕ್ಕೆ ಸರಿದರು. “ನನ್ನ ಎಂಜಲಾ? ಏನಮ್ಮ ಇದು?”

“ಅಧಿಕಾರಿಗಳ ಎಂಜಲಿಗೂ ಬಡವರ ಎಂಜಲಿನಷ್ಟೇ ಶಕ್ತಿ ಇರುತ್ತೆ ಸಾರ್, ಹೆದರಬೇಡಿ.”

ಅಜ್ಜನ ಮಗಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಸೂಪರಿಂಟೆಂಡೆಂಟರು ಔಷಧಿ ನುಂಗುವ ಮುಖ ಮಾಡಿ ಹೇಳಿದಂತೆ ಮಾಡಿದರು. ಗುಟುಕಕ್ಕ ಎರಡನೆಯದಕ್ಕೆ ತೊಳೆದ ಚಮಚ ಹಾಕಿದಳು. ಮೂರನೆಯದಕ್ಕೆ ತಾನೇ ಬಾಯಲ್ಲಿಟ್ಟ ಚಮಚ ಹಾಕಿ ಕಲಕಿದಳು.

“ಇದು ಕೆಲಸ ಮಾಡೋವರೆಗೆ ನಾನು ಮಾತಾಡ್ತೀನಿ. ಆಯಾ ಪುಡಿ ಹಾಕಿಲ್ಲ ಅಂದ್ರಿ. ಲೋಟದ ನೀರು ಮಬ್ಬಾಗಿತ್ತು, ಅಂದ್ರೆ ಪುಡಿ ಇತ್ತು. ಅದೇ ಜಗ್ಗಿನ ಇನ್ನೊಂದು ಲೋಟ ಗಟ್ಟಿಯಾಗಿ ಕೂತಿತ್ತು, ಅಂದ್ರೆ ಸಾಕಷ್ಟು ಪುಡಿ ಇತ್ತು. ಅಲ್ಲಿಗೆ ಈ ಕಾಗದದಲ್ಲಿ ಬರೆದಿರೋ ಎರಡು ಆಪಾದನೆನೂ ಬಿದ್ದುಹೋದವು. ಹಾಗಾದ್ರೆ ಆರನೇ ಬೆಡ್ಡಿನ ಲೋಟ ನೀರಾಗಿದ್ದು ಹೇಗೆ? ಅದರಲ್ಲಿ ಅಜ್ಜನ ಬಾಯಿಂದ ಬಂದ ಚಮಚ ಅರ್ಧ ಗಂಟೆ ಕೂತಿತ್ತು. ಏಳನೇ ಬೆಡ್ಡಿನ ಲೋಟಕ್ಕೆ ಚಮಚವೇ ತಾಗಿಲ್ಲ.”

“ಚಮಚ ತಾಗಿದ್ರೆ ನೀರು ತೆಳ್ಳಗಾಗುತ್ತಾ? ಸಂಶೋಧನೆಯ ಮೂರೂವರೆ ವರ್ಷದಲ್ಲಿ ಒಂದು ದಿನವೂ ಆಗಿಲ್ಲವಲ್ಲ,” ಎಂದರು ಡಾಕ್ಟರು.

“ಆಗಿಲ್ಲ. ಯಾಕಂದ್ರೆ ನಾವು ಸಂಶೋಧನೆಗೆ ಆರಿಸಿದ ಪುಡಿ ಗೋಂದಿನ ಜಾತಿದು, ಎಂಜಲಿಗೆ ಜಗ್ಗಲ್ಲ, ನೀರಿಗೆ ಹಾಕಿದ್ರೆ ತಿಳಿಯಾಗೇ ಇರುತ್ತೆ. ಪಿಷ್ಟದ ಪುಡಿ ಹಾಗಲ್ಲ. ಎಂಜಲಿನ ಕೆಲಸವೇ ಪಿಷ್ಟ ಕರಗಿಸೋದು. ಸಿಸ್ಟರ್, ಸಿರಿಂಜ್ ಹಿಡೀರಿ.”

ಸಿಸ್ಟರು ಹಿಡಿದರು. ಸೂಪರಿಂಟೆಂಡೆಂಟರ ಬಟ್ಟಲಿನದು ಹತ್ತು ಸೆಕೆಂಡಿನಲ್ಲಿ ಸುರುಸುರು ಇಳಿದು ಒಂದು ಗೆರೆಗೆ ನಿಂತಿತು. ತೊಳೆದ ಚಮಚದ್ದು ಒಂಬತ್ತು. ಗುಟುಕಕ್ಕನ ಎಂಜಲಿನ ಹಳೇ ಪುಡಿಯದೂ ಒಂಬತ್ತು. ಸಿಸ್ಟರು ಮೊದಲ ಸಿರಿಂಜನ್ನು ಎರಡು ಸಲ ನೋಡಿ, ಆಯಾಳ ಮುಖ ನೋಡಿ, ತಲೆ ತಗ್ಗಿಸಿದರು.

“ಇನ್ನು ಇದು,” ಎಂದು ಗುಟುಕಕ್ಕ ಎರಡು ತಟ್ಟೆಗಳಲ್ಲಿ ಚಿಟಿಕೆ ಪುಡಿ ಇಟ್ಟು ಟಿಂಚರ್ ತೊಟ್ಟು ಬಿಟ್ಟಳು. ಅವಳ ಹಳೆಯ ಪುಡಿ ಕಂದಾಗಿಯೇ ಉಳಿಯಿತು. ದಾಸ್ತಾನಿನ ಡಬ್ಬದ ಪುಡಿ ಕಣ್ಣೆದುರೇ ಕಡುನೀಲಿಗೆ ತಿರುಗಿ ಮಸಿಯಾಯಿತು. “ಪಿಷ್ಟ. ಚೀಟಿ ಹಳೇದು, ಒಳಗಿನದು ಬೇರೆ. ಯಾರೋ ಹಳೇ ಡಬ್ಬಕ್ಕೆ ಹೊಸ ಪುಡಿ ತುಂಬಿದಾರೆ. ಅಜ್ಜನ ನಾಲಿಗೆ ಸೋಮವಾರವೇ ಇದನ್ನ ಹೇಳಿತ್ತು. ಅವರ ಅಂಗಡಿ ಅಂಟೂ ಪಿಷ್ಟದ್ದೇ.”

“ಆ ಕೋಣೆ ಬೀಗದ ಕೈ ನಿಮ್ಮ ಗುಮಾಸ್ತನ ಹತ್ತಿರವೂ ಇದೆ,” ಎಂದರು ಡಾಕ್ಟರು.

ಗುಮಾಸ್ತನ ಕೈ ಸೊಂಟದ ಕೀಲಿಕೈ ಮೇಲೆ ಹೋಯಿತು. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿದ ಗಾದೆ ಕೇಳಿದ್ದ. ಒರೆಸುವ ಕೈ ತನ್ನ ಕಡೆಗೂ ಬರುವುದೆಂದು ಎಣಿಸಿರಲಿಲ್ಲ.

“ಇದೆ. ಅದಕ್ಕೇ ಮೊದಲು ಅನುಮಾನ ಪಟ್ಟಿದ್ದು ಇವನ ಮೇಲೇ,” ಎಂದಳು ಗುಟುಕಕ್ಕ ತಣ್ಣಗೆ. “ಆದ್ರೆ ಡಾಕ್ಟರೇ, ಸೋಮವಾರ ಆಯಾ ನಿಮ್ಮ ಹತ್ತಿರ ಬಂದು ದಪ್ಪ ಬರ್ತಿಲ್ಲ ಅಂದಳು. ಅಷ್ಟೇ ಅಂದದ್ದು. ಪುಡಿ ಕೆಟ್ಟಿದೆ ಅಂದುಕೊಂಡೋನು ಡಬ್ಬ ತಾ ನೋಡೋಣ ಅಂತಾನೆ. ಇಲ್ಲ, ಇನ್ನೊಂಚೂರು ಹಾಕಿ ನೋಡು ಅಂತಾನೆ. ನೀವು ತಲೆನೂ ಎತ್ತದೆ ‘ಮೂರು’ ಅಂದ್ರಿ. ಸರಿಯಾಗಿ ಮೂರಕ್ಕೇ ಒಂಬತ್ತು ಗೆರೆ ನಿಂತಿತು. ಆ ಮೂರು ಎಲ್ಲಿ ಬರೆದಿದೆ ಗೊತ್ತಾ?” ಅವಳು ಖಾಲಿ ಪೆಟ್ಟಿಗೆಯನ್ನು ಮೇಜಿನ ಮೇಲೆ ತಿರುಗಿಸಿಟ್ಟಳು. “ಭಾನುವಾರ ಇದ್ದದ್ದೆಲ್ಲ ಯಾರೋ ಕೊಂಡೊಯ್ದರಂತೆ. ಯಾರು ಅಂತ ಕೇಳೋಕೆ ಬಹಳ ದೂರ ಹೋಗಬೇಕಿಲ್ಲ, ರಸ್ತೆ ದಾಟಿದ್ರೆ ಆಯ್ತು.”

ಡಾಕ್ಟರ ಗಂಟಲು ಒಮ್ಮೆ ಮೇಲೇರಿ ಇಳಿಯಿತು. ನೀರಿಲ್ಲದ ಗುಟುಕು. ಕೋಣೆಯಲ್ಲಿದ್ದ ಎಲ್ಲರೂ ಅದನ್ನು ನೋಡಿದರು.

“ಹಳೇ ಪುಡಿ ಬರೋದು ನಿಂತುಹೋಗಿತ್ತು,” ಎಂದರು ಅವರು ಕೊನೆಗೆ, ಸೂಪರಿಂಟೆಂಡೆಂಟರ ಕಡೆಗೆ ಮಾತ್ರ ನೋಡುತ್ತ. “ಸಂಶೋಧನೆಗೆ ಇನ್ನು ನಾಲ್ಕೇ ರೋಗಿಗಳು ಉಳಿದಿದ್ದರು. ಪುಡಿ ಬದಲಾಯಿತು ಅಂತ ಬರೆದರೆ ಅನುಮತಿ ಮತ್ತೆ ಮೊದಲಿಂದ. ಶನಿವಾರ ಕೈಬಿಟ್ಟು ಹೋಗುತ್ತೆ. ಪಿಷ್ಟದ ಪುಡಿ ವಿಷವಲ್ಲ, ಎಷ್ಟೋ ಕಡೆ ಅದನ್ನೇ ಕೊಡ್ತಾರೆ.”

“ಕೊಡ್ತಾರೆ, ಗೊತ್ತಿದ್ದು ಕೊಡ್ತಾರೆ,” ಎಂದಳು ಗುಟುಕಕ್ಕ. ಅವಳ ದನಿ ಏರಲಿಲ್ಲ. ಆದರೆ ಗುಮಾಸ್ತ ಆ ದನಿ ಹಿಂದೆಂದೂ ಕೇಳಿರಲಿಲ್ಲ. “ಒಂದು ಮಾತು ಹೇಳಿದ್ರೆ ನಾವು ಬಟ್ಟಲು ಬೇರೆ ಮಾಡ್ತಿದ್ದೆವು, ಚಮಚ ಬೇರೆ ಮಾಡ್ತಿದ್ದೆವು, ಅಜ್ಜ ಈಗ ಮಂಚದಲ್ಲಿ ಕೂತು ನಮ್ಮನ್ನ ಬೈತಿದ್ರು. ನಿಮ್ಮ ತಪ್ಪು ಭಾನುವಾರದ್ದಷ್ಟೇ ಅಂದ್ಕೊಂಡ್ರಾ? ಇವತ್ತು ಹತ್ತೂ ನಲವತ್ತಕ್ಕೆ ಆ ಮಬ್ಬು ನೀರು ನೋಡಿದ ತಕ್ಷಣ ನಿಮಗೆ ಗೊತ್ತಾಯ್ತು. ಈ ಕೋಣೆಯಲ್ಲಿ ನಿಮಗಿಂತ ಚೆನ್ನಾಗಿ ಗೊತ್ತಿರೋರು ಯಾರೂ ಇಲ್ಲ. ಗೊತ್ತಾದ ಮೇಲೂ ಉಳಿದ ಬೆಡ್ಡುಗಳಿಗೆ ಓಡಿ ಚಮಚ ಕಸಿದುಕೊಳ್ಳಲಿಲ್ಲ. ಕೂತು ಈ ಕಾಗದ ಟೈಪ್ ಮಾಡಿಸಿದ್ರಿ. ಯಾಕಂದ್ರೆ ನೀವು ಹೇಳಿದ್ದಕ್ಕೆ ಸಾಕ್ಷಿ ಕೇಳಲ್ಲ, ಇವಳು ಹೇಳಿದ್ದಕ್ಕೆ ಬೆಲೆ ಕೊಡಲ್ಲ. ಆ ಅಂದಾಜು ನಿಮಗೆ ಚೆನ್ನಾಗಿತ್ತು.”

ಸೂಪರಿಂಟೆಂಡೆಂಟರು ಕಾಗದವನ್ನು ತೆಗೆದುಕೊಂಡು ಎರಡಾಗಿ ಹರಿದರು. ಶನಿವಾರದ ಸಭೆ ನಿಂತಿತು, ದಾಸ್ತಾನು ಕೋಣೆಗೆ ಇವತ್ತೇ ಮೊಹರು, ನಡೆದದ್ದನ್ನೆಲ್ಲ ಸಂಶೋಧನೆಯ ಸಮಿತಿಗೆ ತಾವೇ ಬರೆಯುವುದಾಗಿ ಹೇಳಿದರು. ಡಾಕ್ಟರು ಹಾಳೆಗಳನ್ನು ಜೋಡಿಸಿಕೊಂಡು ಎದ್ದು ಹೋದರು. ಬಾಗಿಲಿನ ಹತ್ತಿರ ಅಜ್ಜನ ಮಗಳು ಅವರಿಗೆ ದಾರಿ ಬಿಡಲಿಲ್ಲ. ಅವರೇ ಮಗ್ಗುಲಾಗಿ ನುಸುಳಬೇಕಾಯಿತು.

“ನೀನು ಹೋಗಿ ಕೆಲಸ ನೋಡ್ಕೊಳ್ಳಮ್ಮ,” ಎಂದರು ಸೂಪರಿಂಟೆಂಡೆಂಟರು ಆಯಾಗೆ, ಸಾಧ್ಯವಾದಷ್ಟು ಮೆತ್ತಗೆ. “ಆಗಿದ್ದು ಆಯ್ತು, ಮರೆತುಬಿಡು.”

ಆಯಾ ಕುರ್ಚಿಯಿಂದ ಏಳಲಿಲ್ಲ.

ಆಗ ಗುಮಾಸ್ತ ಮೇಜಿನ ಹತ್ತಿರ ಬಂದ. ನುಂಗಿದ್ದು ಸೋಮವಾರದಿಂದ ಗಂಟಲಲ್ಲೇ ಕೂತಿತ್ತು. “ಸಾರ್, ಇವಳು ಸೋಮವಾರ ನನಗೂ ಹೇಳಿದ್ದಳು. ಪುಡಿ ಮೊದಲಿನ ಹಾಗಿಲ್ಲ, ನೀರು ಬೆಳ್ಳಗಾಗುತ್ತೆ, ಬರ್ಕೊಳ್ಳಿ ಅಂದಳು. ನಾನು ಬರೀಲಿಲ್ಲ. ಸಂಶೋಧನೆಯ ಪಟ್ಟಿಯಲ್ಲಿ ರೋಗಿ ಹೇಳಿದ್ದಕ್ಕೆ ಜಾಗ ಇದೆ, ಸಿಸ್ಟರ್ ಹೇಳಿದ್ದಕ್ಕಿದೆ, ಡಾಕ್ಟರ್ ಹೇಳಿದ್ದಕ್ಕಿದೆ. ಆಯಾ ಹೇಳಿದ್ದಕ್ಕೆ ಇಲ್ಲ. ಎಲ್ಲಿ ಬರೀಲಿ ಅಂತ ನಾನೇ ನಕ್ಕಿದ್ದೆ.”

ಗುಟುಕಕ್ಕ ಅವನನ್ನೇ ನೋಡುತ್ತಿದ್ದಳು.

“ಈಗ ಬರೀರಿ,” ಎಂದಳು ಆಯಾ.

“ಎಲ್ಲಿ?”

“ಜಾಗ ಇಲ್ಲ ಅಂದ್ರೆ ಗೆರೆ ಎಳೀರಿ. ಸ್ಕೇಲ್ ನಿಮ್ಮ ಹತ್ರಾನೇ ಇದೆಯಲ್ಲ.”

ಗುಮಾಸ್ತ ಸೂಪರಿಂಟೆಂಡೆಂಟರ ಕಡೆ ನೋಡಿದ. ಅವರು ಕಿಟಕಿಯ ಕಡೆ ನೋಡಿ ತಲೆಯಾಡಿಸಿದರು. ಅವನು ಪಟ್ಟಿಯ ಪುಸ್ತಕ ಬಿಡಿಸಿ, ಅಂಚಿನಲ್ಲಿ ಮೇಲಿಂದ ಕೆಳಗೆ ಒಂದು ಗೆರೆ ಎಳೆದ. ಸೋಮವಾರದ ಸಾಲಿಗೆ ಬಂದು, ಇಪ್ಪತ್ತು ವರ್ಷದ ಕಚೇರಿಯ ಅಭ್ಯಾಸಬಲದಿಂದ ಬರೆದ: ‘ಪುಡಿ ಬದಲಾಗಿದೆಯೆಂದು ಆಯಾ ತಿಳಿಸಿದ್ದಳು ಎನ್ನಲಾಗಿದೆ.’

ಆಯಾ ಎದ್ದು ಬಂದು, ಅಕ್ಷರಗಳ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದಳು. ಕೊನೆಯ ಪದದ ಮೇಲೆ ಬೆರಳು ನಿಂತಿತು.

“ಇದು ಯಾಕೆ? ಯಾರೋ ಅಂದಿದ್ದಲ್ಲ ಇದು. ನಾನು ನಿಮ್ಮ ಮುಂದೆ ನಿಂತು ಹೇಳಿದ್ದೆ.”

ಗುಮಾಸ್ತ ಆ ಪದವನ್ನು ಹೊಡೆದು ಹಾಕಿದ. ಅವಳು ಅವನ ಕೈಯಿಂದ ಪೆನ್ನು ತೆಗೆದುಕೊಂಡು ಸಾಲಿನ ಕೆಳಗೆ ಸಹಿ ಹಾಕಿದಳು, ಮಸಿ ಒಣಗುವವರೆಗೆ ಕಾದು ಪಟ್ಟಿ ಮುಚ್ಚಿದಳು, ಗುಟುಕಕ್ಕನ ಹಳೇ ಪುಡಿಯ ಡಬ್ಬ ಹಿಡಿದು ಐದು ಗಂಟೆಯ ನೀರು ಬೆರೆಸಲು ಏಳನೇ ವಾರ್ಡಿನ ಕಡೆಗೆ ಹೊರಟಳು.